ನಮ್ಮ ಪಡಸಾಲೆಯ ತೀರ್ಪು

ಎಪ್ಪತ್ತೇಳರ ಮಾರ್ಚಿನಲ್ಲಿ ಪ್ರಧಾನಿ ಚುನಾವಣೆ ಸೋತರೆಂದು ಬೆಳಿಗ್ಗೆ ರೇಡಿಯೋದಲ್ಲಿ ಸುದ್ದಿ ಬಂದಾಗ ನಮ್ಮ ವಾಡೆಯ ಅಂಗಳದಲ್ಲಿ ಪೇಢೆ ಹಂಚಿದರು. ಪುಣೆಯ ಹಳೇ ಪೇಟೆಯ ವಾಡೆ ಅದು. ನಡುವೆ ಅಂಗಳ, ಅಂಗಳದಲ್ಲೊಂದು ನಳ, ಸುತ್ತಲೂ ಬಾಡಿಗೆ ಸಂಸಾರಗಳು. ನಳದ ನೀರಿಗಾಗಿ ದಿನಾ ಜುಟ್ಟು ಹಿಡಿದು ಜಗಳಾಡುತ್ತಿದ್ದ ಹೆಂಗಸರು ಅಂದು ಒಬ್ಬರ ಬಾಯಿಗೊಬ್ಬರು ಪೇಢೆ ಇಡುತ್ತಿದ್ದರು. ನನ್ನ ಕೈಗೂ ಒಂದು ಬಂತು. ಅದನ್ನು ಒಳಗೆ ಒಯ್ದು ನನ್ನ ನೆಗೆಣ್ಣಿಯ ಬಾಯಿಗೆ ಹಾಕಿದೆ. ನೆಗೆಣ್ಣಿ ಎಂದರೆ ಮೈದುನನ ಹೆಂಡತಿ. ಬೆಳಗಾವಿ ಕಡೆಯ ಹಳ್ಳಿಯಿಂದ ಮದುವೆಯಾಗಿ ಬಂದು ಎರಡು ವರ್ಷ ತುಂಬಿರಲಿಲ್ಲ. ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು.

"ಖರೇ ಹೋದಳೇನ್ರಿ ಅಕ್ಕಾ?" ಎಂದು ಕೇಳಿದಳು.

"ಹೋದಳು," ಎಂದೆ.

ಅವಳು ಅಳಲೂ ಇಲ್ಲ, ನಗಲೂ ಇಲ್ಲ. ಹಿಟ್ಟಿನ ಕೈ ಹಾಗೇ ಹಿಡಿದುಕೊಂಡು ಗೋಡೆ ನೋಡುತ್ತ ಕೂತಳು. ಹೆಂಚಿನ ಮೇಲೆ ರೊಟ್ಟಿ ಕರಕಾಯಿತು.

ಪಡಸಾಲೆಯಲ್ಲಿ ನಮ್ಮ ಯಜಮಾನರು ಮುಖ ಜೋಲು ಹಾಕಿಕೊಂಡು ಕೂತಿದ್ದರು. ಶಿವಾಜಿನಗರದ ಒಂದು ಸರಕಾರಿ ಕಚೇರಿಯಲ್ಲಿ ಅವರು ಗುಮಾಸ್ತರು. ತುರ್ತು ಪರಿಸ್ಥಿತಿಯ ಕಾಲದಲ್ಲಿ ಅವರ ಸಾಹೇಬರು ಹೊತ್ತಿಗೆ ಸರಿಯಾಗಿ ಕುರ್ಚಿಯಲ್ಲಿ ಕಾಣಿಸಿಕೊಳ್ಳುತ್ತಿದ್ದರಂತೆ. ಪ್ರಧಾನಿಯನ್ನು ದೇವರ ಪಕ್ಕದಲ್ಲಿ ಕೂಡಿಸಲು ಇವರಿಗೆ ಅಷ್ಟು ಸಾಕಾಗಿತ್ತು. ಗೋಡೆಯ ಕ್ಯಾಲೆಂಡರಿನಲ್ಲಿ ಆಕೆಯ ಚಿತ್ರವಿತ್ತು. ಅಂದಾದರೂ ಅದನ್ನು ಇಳಿಸುತ್ತಾರೇನೋ ಎಂದು ಕಾದೆ. ಇಳಿಸಲಿಲ್ಲ. ವರ್ಷದ ತಾರೀಖುಗಳು ಇನ್ನೂ ಬಹಳ ಉಳಿದಿದ್ದವಲ್ಲ, ನಮ್ಮ ಮನೆಯಲ್ಲಿ ಯಾವುದನ್ನೂ ಹಾಳು ಮಾಡುವ ಪದ್ಧತಿಯಿರಲಿಲ್ಲ.

ನನ್ನ ನೆಗೆಣ್ಣಿ ಯಾಕೆ ಹಾಗೆ ಗೋಡೆ ನೋಡುತ್ತ ಕೂತಳು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ.

ನಮ್ಮ ಅತ್ತೆಯ ಮನೆಯಲ್ಲಿ ಒಂದು ಕಟ್ಟಳೆಯಿತ್ತು. ಮಕ್ಕಳನ್ನು ಇದು ನನ್ನದು, ಅದು ನಿನ್ನದು ಎಂದು ಯಾರೂ ಅನ್ನಕೂಡದು. ಹಿರಿಯರೆದುರು ಹೆತ್ತ ಅಪ್ಪ ತನ್ನ ಕೂಸನ್ನು ಎತ್ತಿ ಮುದ್ದಾಡುವುದಂತೂ ನಾಚಿಕೆಗೇಡು. ಹೀಗಾಗಿ ನನ್ನ ನಾಲ್ಕೂ ಮಕ್ಕಳನ್ನು ನಮ್ಮ ಯಜಮಾನರು ಮುಟ್ಟಿದ್ದೇ ಕಡಿಮೆ. ಎತ್ತಿದವನು, ಉಣಿಸಿದವನು, ಜ್ವರ ಬಂದಾಗ ಹೊತ್ತು ತಿರುಗಿದವನು ಮೈದುನ. ಸೈಕಲ್ಲಿನ ದಂಡಿಗೆಯ ಮೇಲೊಬ್ಬನನ್ನು, ಹಿಂದೆ ಇಬ್ಬರನ್ನು ಕೂಡಿಸಿ, ಚಿಕ್ಕದನ್ನು ಹೆಗಲಿಗೇರಿಸಿ ತಳ್ಳಿಕೊಂಡು ಹೊರಟನೆಂದರೆ ಪೇಟೆಯ ಜನ ನಿಂತು ನೋಡುತ್ತಿದ್ದರು. ಮಕ್ಕಳೆಷ್ಟು ಎಂದು ಯಾರು ಕೇಳಿದರೂ ಅವನದು ಒಂದೇ ಉತ್ತರ: ನಾಲ್ಕು. ಕನ್ಯೆ ನೋಡಲು ಹೋದ ಮನೆಯಲ್ಲೂ ಬಾಯಿತಪ್ಪಿ ಹಾಗೇ ಅಂದುಬಿಟ್ಟಾಗ ಅತ್ತೆ ಅವನ ಕಾಲು ತುಳಿದಿದ್ದರು. ಆ ಕತೆ ಹೇಳಿಕೊಂಡು ನಾವು ಎಷ್ಟು ಸಲ ನಕ್ಕಿದ್ದೇವೆ ಎಂದರೆ, ಈಗ ನೆನೆದರೆ ಹೊಟ್ಟೆ ಉರಿಯುತ್ತದೆ.

ಎಪ್ಪತ್ತಾರರಲ್ಲಿ ಅವನು ಒಂದು ಕಾರ್ಖಾನೆಯಲ್ಲಿ ಇನ್ನೂ ಕಾಯಂ ಆಗದ ಕೆಲಸಗಾರ. ಒಂದು ದಿನ ಊಟದ ಹೊತ್ತಿಗೆ ಯಾರೋ ಬಂದು ಎಲ್ಲರ ಊರು, ವಯಸ್ಸು, ಸಂಸಾರ ವಿಚಾರಿಸಿದರು. "ಮುಲಂ ಕಿತಿ?" ಎಂದರು, ಮಕ್ಕಳೆಷ್ಟು ಎಂದು. ಬುತ್ತಿ ಉಣ್ಣುತ್ತಿದ್ದವನು ತಲೆಯೆತ್ತದೆ "ಚಾರ್" ಎಂದ. ಯಾತಕ್ಕೆ ಕೇಳುತ್ತಾರೆ ಎಂದು ಅವನು ಕೇಳಲಿಲ್ಲ. ಸ್ವಲ್ಪ ದಿನ ಬಿಟ್ಟು ಅವನನ್ನು ಕರೆದು, ಮೂರಕ್ಕಿಂತ ಹೆಚ್ಚು ಮಕ್ಕಳಿದ್ದವರು ಇನ್ನು ಮಕ್ಕಳಾಗದಂತೆ ನಸಬಂದಿ ಆಪರೇಷನ್ ಮಾಡಿಸಿಕೊಳ್ಳಬೇಕು, ಇಲ್ಲದಿದ್ದರೆ ನಾಳೆಯಿಂದ ಬರುವುದು ಬೇಡ ಎಂದರು. ಅವು ನಮ್ಮ ಅಣ್ಣನ ಮಕ್ಕಳು, ನನಗೆ ಇನ್ನೂ ಒಂದೂ ಆಗಿಲ್ಲ ಎಂದು ಕೈಮುಗಿದ. ಬಂದ ಅಧಿಕಾರಿ ನಕ್ಕುಬಿಟ್ಟರಂತೆ. ಈ ಶಿಬಿರ ಶುರುವಾದಾಗಿನಿಂದ ಎಲ್ಲರ ಮಕ್ಕಳೂ ಅವರವರ ಅಣ್ಣನ ಮಕ್ಕಳೇ ಆಗಿದ್ದಾರೆ ಎಂದರಂತೆ. ಅವನ ಮೇಲಿನ ಮುಕಾದಮನನ್ನು ಕರೆಸಿ ಕೇಳಿದರು. ಮುಕಾದಮ ಕೆಟ್ಟವನಲ್ಲ, ಕಂಡದ್ದನ್ನು ಹೇಳಿದ. ಖಂಡೇನವಮಿಯ ದಿನ ಯಂತ್ರದ ಪೂಜೆಗೆ ಇವನು ನಾಲ್ಕೂ ಮಕ್ಕಳನ್ನು ಕರೆತಂದಿದ್ದ, ನಾನೇ ಕೈಯಾರೆ ಅವಕ್ಕೆ ಪ್ರಸಾದ ಕೊಟ್ಟೆ, ಚಿಕ್ಕದು ಇವನ ಹೆಗಲ ಮೇಲೆ ಕೂತಿತ್ತು ಎಂದ. ಅಲ್ಲಿಗೆ ಮುಗಿಯಿತು. ಹೊರಗೆ ಶಿಬಿರಕ್ಕೆ ಒಯ್ಯುವ ಟ್ರಕ್ಕು ನಿಂತಿತ್ತು.

ಮನೆಗೆ ಬರುವಾಗ ಅವನ ಕೈಯಲ್ಲಿ ಒಂದು ಡಬ್ಬಿ ತುಪ್ಪವಿತ್ತು. ಕಾರ್ಖಾನೆಯವರು ಕೊಟ್ಟರು ಎಂದಷ್ಟೇ ಹೇಳಿ ಗೋಡೆಯ ಕಡೆ ಮುಖ ಮಾಡಿ ಮಲಗಿದ. ಅತ್ತೆಗೆ ಹಿಗ್ಗೋ ಹಿಗ್ಗು. ಮಗನಿಗೆ ಕೆಲಸ ಕಾಯಂ ಆಗುವ ಲಕ್ಷಣ ಎಂದು ಹೋಳಿಗೆ ಮಾಡಿಸಿ, ಆ ತುಪ್ಪ ಹಾಕಿ ನಮಗೆಲ್ಲ ಬಡಿಸಿದರು. ನನ್ನ ಮಕ್ಕಳು ಬೆರಳು ನೆಕ್ಕಿಕೊಂಡು ತಿಂದವು. ಅವನು ಏಳಲಿಲ್ಲ. ಗಾಯ ಕೀವು ತುಂಬಿ ಜ್ವರ ಏರಿದಾಗ ನೆಗೆಣ್ಣಿಗೆ ಗೊತ್ತಾಯಿತು. ಆ ತುಪ್ಪ ಆಪರೇಷನ್ ಮಾಡಿಸಿಕೊಂಡದ್ದಕ್ಕೆ ಕೊಟ್ಟದ್ದಂತೆ ಎಂದು ಅವಳು ನಳದ ಹತ್ತಿರ ನನ್ನ ಸೆರಗು ಹಿಡಿದು ಹೇಳಿದಳು. ಕೊಡದಲ್ಲಿ ನೀರು ತುಂಬಿ ಹೊರಗೆ ಹರಿಯುತ್ತಿದ್ದರೂ ನಾವಿಬ್ಬರೂ ಅದನ್ನು ಎತ್ತಲಿಲ್ಲ.

ಇದು ಆಕೆಯ ಆಡಳಿತದಿಂದ ನಮ್ಮ ಮನೆಗೆ ಬಂದದ್ದು. ಬೇರೆಯವರ ಮನೆಗೆ ಬೇರೆ ಏನಾದರೂ ಬಂದಿರಬಹುದು, ನಾನು ಇಲ್ಲವೆನ್ನುವುದಿಲ್ಲ.

ಭಾನುವಾರ ಮುಂಜಾನೆ ನಮ್ಮ ಪಡಸಾಲೆಯಲ್ಲಿ ಕನ್ನಡದವರ ಒಂದು ಬೈಠಕ್ ಸೇರುತ್ತಿತ್ತು. ಧಾರವಾಡದ ಕಡೆಯ ಒಬ್ಬ ಕಾಲೇಜು ಮಾಸ್ತರರು, ಬ್ಯಾಂಕಿನವರೊಬ್ಬರು, ನಮ್ಮ ಯಜಮಾನರು. ವಾರವೆಲ್ಲ ಮರಾಠಿ ಮಾತಾಡಿ ಅವರ ನಾಲಗೆ ದಣಿದಿರುತ್ತಿತ್ತು. ಅದಕ್ಕೆ ವಿಶ್ರಾಂತಿ ಕೊಡುತ್ತೇವೆಂದು ಬಂದು ಎರಡು ತಾಸು ಬಿಡುವಿಲ್ಲದೆ ಮಾತಾಡುತ್ತಿದ್ದರು. ಅವಲಕ್ಕಿ ಚೂಡಾದ ತಾಟು ಖಾಲಿಯಾಗುವಷ್ಟರಲ್ಲಿ ದೇಶದ ಒಂದೆರಡು ಸಮಸ್ಯೆ ಬಗೆಹರಿದಿರುತ್ತಿತ್ತು.

ಆಕೆ ಸೋತ ಮೇಲಿನ ಭಾನುವಾರ ಮಾತಿಗೆ ವಿಷಯ ಹುಡುಕಬೇಕಾಗಲಿಲ್ಲ. ಮಾಸ್ತರರು ನ್ಯಾಯಾಧೀಶರ ಠೀವಿಯಲ್ಲಿ ಕೂತು, ಸಿಟ್ಟು ಬಿಟ್ಟು ತೂಗಿ ನೋಡೋಣ ಎಂದರು. ಯುದ್ಧ ಗೆದ್ದದ್ದು ಒಂದು ಕಡೆ. ಕಾಳುಕಡಿ ಬೆಳೆದದ್ದು, ಬ್ಯಾಂಕು ಬಡವರಿಗೆ ಬಾಗಿಲು ತೆರೆದದ್ದು ಅದೇ ಕಡೆ. ಜೈಲು ತುಂಬಿಸಿದ್ದು, ಪತ್ರಿಕೆಯ ಬಾಯಿ ಕಟ್ಟಿದ್ದು ಇನ್ನೊಂದು ಕಡೆ. ಬ್ಯಾಂಕಿನವರು ನಡುವೆ ಬಾಯಿ ಹಾಕಿ, ಜನಸಂಖ್ಯೆಯ ವಿಚಾರದಲ್ಲಿ ಆಕೆಯ ಧೋರಣೆ ಸರಿಯೇ ಇತ್ತು, ಕೆಳಗಿನವರು ಅತಿ ಮಾಡಿದರು ಎಂದರು. ನಮ್ಮ ಯಜಮಾನರು ಗೋಣು ಹಾಕಿದರು. ಗೋಣು ಹಾಕುತ್ತಲೇ ಅವರ ಕಣ್ಣು ಮೂಲೆಯಲ್ಲಿ ಕೂತಿದ್ದ ತಮ್ಮನ ಕಡೆ ಹೋಯಿತು, ಮತ್ತೆ ಬೇಗ ಚಹಾದ ಬಟ್ಟಲಿಗೆ ಇಳಿಯಿತು. ಮೈದುನ ಯಾವತ್ತಿನಂತೆ ನನ್ನ ಚಿಕ್ಕ ಮಗಳಿಗೆ ಚೂಡಾದಿಂದ ಶೇಂಗಾ ಆರಿಸಿ ಕೊಡುತ್ತಿದ್ದ.

ನನ್ನ ನೆಗೆಣ್ಣಿ ಭಾವನೆದುರು ಒಂದು ಮಾತನ್ನೂ ಆಡಿದವಳಲ್ಲ. ಪಡಸಾಲೆಗೆ ಚಹಾ ಒಯ್ಯುವಾಗಲೂ ಸೆರಗು ಹಣೆಯ ತನಕ ಎಳೆದುಕೊಂಡು ಬಾಗಿಲಲ್ಲೇ ಇಟ್ಟು ಬರುವವಳು. ಅಂದು ಒಳಗೆ ಹೋದಳು. ತಾಟು ಇಟ್ಟು, ಹಿಂದೆ ಸರಿಯದೆ ನಿಂತು, ಮಾಸ್ತರರನ್ನು ಕೇಳಿದಳು.

"ಆಕಿ ಹೋದಳಲ್ಲರಿ. ಇನ್ನ ಮಾಡಿದ್ದನ್ನ ತಿರುಗಿ ಬಿಚ್ಚತಾರೇನ್ರಿ?"

ಯಾರಿಗೂ ತಕ್ಷಣ ತಿಳಿಯಲಿಲ್ಲ. ತಿಳಿದ ಮೇಲೆ ಯಾರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಮಾಸ್ತರರು ಕೆಮ್ಮಿ, "ಇದಕ್ಕೆಲ್ಲ ಆಯೋಗ ಕೂಡಸ್ತಾರವಾ. ವಿಚಾರಣೆ ಆಗ್ತದ," ಎಂದರು.

"ಆಮ್ಯಾಲೆ?"

"ತಪ್ಪು ಯಾರದು ಅಂತ ತೀರ್ಮಾನ ಆಗ್ತದ."

"ಆಮ್ಯಾಲ್ರಿ?"

ಅತ್ತೆ ಒಳಗಿನಿಂದ ಗದರಿ ಕರೆದರು. ಅವಳು ಬಂದು ಒಲೆಯ ಮುಂದೆ ಕೂತಳು. ನಮ್ಮ ಯಜಮಾನರು ಒಂದು ವಾರ ಅವಳಿದ್ದ ಕಡೆ ಹಾಯಲೇ ಇಲ್ಲ. ಅವರು ಕಲ್ಲುಹೃದಯದವರಲ್ಲ. ತಮ್ಮನಿಗಾದ ಅನ್ಯಾಯ ಅವರಿಗೂ ಕುಟುಕುತ್ತಿತ್ತು. ಆದರೆ ಅದನ್ನು ಒಪ್ಪಿಕೊಂಡರೆ ಇಷ್ಟು ವರ್ಷ ನಂಬಿದ್ದೆಲ್ಲ ಕುಸಿದು ಬೀಳುತ್ತದೆಂಬ ಹೆದರಿಕೆ. ಗಂಡಸರಿಗೆ ತಮ್ಮ ಅಭಿಪ್ರಾಯ ಉಳಿಸಿಕೊಳ್ಳುವುದು ಎಷ್ಟು ದೊಡ್ಡ ಕೆಲಸ ಎಂದು ನಾನು ನೋಡಿದ್ದು ಆ ವಾರ.

ತಿರುಗಿ ಜೋಡಿಸುವ ಆಪರೇಷನ್ ಒಂದು ಇದೆ ಎಂದು ವಾಡೆಯ ಯಾರೋ ಹೇಳಿದರು. ಅಷ್ಟು ಸಾಕಾಯಿತು. ಅವಳು ಗಂಡನ ಬೆನ್ನು ಬಿದ್ದಳು. ಅವನಿಗೆ ಆಸ್ಪತ್ರೆಯ ಮೆಟ್ಟಿಲು ಕಂಡರೆ ಬೆವರು. ಆದರೂ ಹೋದ. ನಾನೂ ಜೊತೆಗೆ ಹೋಗಿದ್ದೆ. ದೊಡ್ಡಾಸ್ಪತ್ರೆಯ ಡಾಕ್ಟರು ವಯಸ್ಸಾದವರು, ಮುಚ್ಚುಮರೆಯಿಲ್ಲದೆ ಮರಾಠಿಯಲ್ಲಿ ಹೇಳಿದರು: ಜೋಡಿಸಬಹುದು, ಆದರೆ ಮೊದಲ ಸಲ ಕೀವಾಗಿ ಒಳಗೆ ಕೆಟ್ಟಿದೆ, ಫಲ ಸಿಗುತ್ತದೆಂದು ನಾನು ಮಾತು ಕೊಡಲಾರೆ. ನೆಗೆಣ್ಣಿಗೆ ಮರಾಠಿ ಅಷ್ಟಾಗಿ ಬರುತ್ತಿರಲಿಲ್ಲ. "ಡಾಕ್ಟರು ಏನಂದ್ರು ಅಕ್ಕಾ?" ಎಂದಳು. ನಾನು ಪೂರ್ತಿ ಹೇಳಿದೆ. ಅವಳು ಮೊದಲಿನ ಮಾತನ್ನಷ್ಟೇ ಕೇಳಿಸಿಕೊಂಡಳು.

ಆಪರೇಷನ್ ಆಯಿತು. ಅದರ ನಂತರ ಅವಳು ಹಿಡಿಯದ ವ್ರತವಿಲ್ಲ. ನಮ್ಮ ಮೈಲಾರಲಿಂಗನೇ ಇಲ್ಲಿಯ ಖಂಡೋಬಾ ಎಂದು ಇಬ್ಬರೂ ಜೇಜುರಿಗೆ ಹೋದರು. ಅಲ್ಲಿ ಗಂಡ ಹೆಂಡತಿಯನ್ನು ಎತ್ತಿಕೊಂಡು ನಾಲ್ಕಾರು ಮೆಟ್ಟಿಲು ಹತ್ತುವ ರೂಢಿ. ಅವನು ಹಟ ಹಿಡಿದು ಅರ್ಧ ಗುಡ್ಡದ ತನಕ ಹೊತ್ತನಂತೆ. ಮೈಯೆಲ್ಲ ಭಂಡಾರದ ಅರಿಶಿನವಾಗಿ ಬಂದವಳು ಅಂಗಳದಲ್ಲಿ ನಿಂತು ನಗುತ್ತಿದ್ದಳು. ಅವಳನ್ನು ಹಾಗೆ ನಾನು ನೋಡಿದ್ದು ಅದೊಂದೇ ಸಲ.

ತಿಂಗಳು ತಿಂಗಳೂ ಅವಳು ಹೊರಗೆ ಕೂಡುವುದು ತಪ್ಪಲಿಲ್ಲ. ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನನಗೆ ಬೆನ್ನು ಮಾಡಿ ನಿಲ್ಲುತ್ತಿದ್ದಳು. ನನ್ನ ಮಕ್ಕಳು "ಕಾಕೂ, ಕಾಕೂ" ಎಂದು ಮೈಮೇಲೆ ಬಿದ್ದರೆ ಮೊದಲು ತಬ್ಬಿಕೊಳ್ಳುತ್ತಿದ್ದವಳು ಈಗ ಮೆಲ್ಲನೆ ಬಿಡಿಸಿಕೊಳ್ಳುತ್ತಿದ್ದಳು. ನನ್ನ ಮಕ್ಕಳನ್ನು ಕಂಡರೆ ನನಗೇ ಸಿಟ್ಟು ಬರುತ್ತಿತ್ತು. ನಾಲ್ಕರ ಬದಲು ಒಂದೋ ಎರಡೋ ಹೆತ್ತಿದ್ದರೆ ಯಾವ ಅಧಿಕಾರಿ ಅವನನ್ನು ಕರೆಯುತ್ತಿದ್ದ? ಹೀಗೆ ಯೋಚಿಸಿ, ಆಮೇಲೆ ಚಿಕ್ಕವಳನ್ನು ಎದೆಗೆ ಒತ್ತಿಕೊಂಡು ಕೂಡುತ್ತಿದ್ದೆ. ಹುಚ್ಚು ಹಿಡಿಯುವುದೊಂದು ಬಾಕಿಯಿತ್ತು.

ಕೊನೆಗೆ ಅತ್ತೆಯೇ ಒಂದು ದಾರಿ ತೆಗೆದರು. ಚಿಕ್ಕವಳನ್ನು ಅವಳ ಉಡಿಗೆ ಹಾಕಿಬಿಡೋಣ ಎಂದರು. ನಾನು ಒಪ್ಪಿದೆ. ಮನಸ್ಸು ಹರಿದು ಚೂರಾದರೂ ಬಾಯಿಂದ ಹೂಂ ಎಂದೆ. ಮಗುವಿಗೆ ಎಣ್ಣೆ ಹಚ್ಚಿ, ಎರೆದು, ಹೊಸ ಫ್ರಾಕು ತೊಡಿಸಿ ಅವಳ ಮುಂದೆ ನಿಲ್ಲಿಸಿದೆ. ಅವಳು ಮಗುವಿನ ಕೂದಲು ನೇವರಿಸಿದಳು.

"ಇದು ಈಗರೆ ನಂದ ಅಲ್ಲೇನ್ರಿ ಅಕ್ಕಾ? ನಾಲ್ಕೂ ನಮ್ಮವ ಅಂತ ಹೇಳೇ ಅಲ್ಲೇನು ಅವರು ಆಪರೇಷನ್ನಿಗೆ ಹೋಗಿ ಮಲಗಿ ಬಂದಿದ್ದು? ಇನ್ನೊಮ್ಮೆ ಏನ್ ಕೊಡತೀರಿ ನನಗ?"

ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಎದ್ದು ಹೋದರು. ಅವರು ಕಟ್ಟಿದ ಮನೆಯ ಬುಡವನ್ನೇ ಈ ಹುಡುಗಿ ಅಲುಗಿಸಿದ್ದಳು, ಒಂದು ಕೆಟ್ಟ ಮಾತಾಡದೆ.

ಎಪ್ಪತ್ತೊಂಬತ್ತರಲ್ಲಿ ಅವಳ ಅಪ್ಪ ಬಂದ. ನಮ್ಮಲ್ಲಿ ಬಿಟ್ಟ ಹೆಣ್ಣಿಗೆ ಉಡಿಕಿ ಮಾಡುವ, ಅಂದರೆ ಮತ್ತೊಂದು ಮನೆಗೆ ಕೊಡುವ ರೂಢಿಯುಂಟು. ಅವನು ಅಂಜುತ್ತಲೇ ಆ ಮಾತು ತೆಗೆದ. ಜಗಳವಾಗುತ್ತದೆಂದು ನಾವೆಲ್ಲ ಕಾದೆವು. ಮೈದುನ ಎದ್ದು ನಿಂತು, "ಕರಕೊಂಡು ಹೋಗ್ರಿ ಮಾಂವ. ಆಕಿ ವಯಸ್ಸು ಸಣ್ಣದದ," ಎಂದುಬಿಟ್ಟ. ಅದಕ್ಕೆ ಅವಳು ಹುಲಿಯಾದಳು. ಅವನ ಅಂಗಿ ಹಿಡಿದು ಜಗ್ಗಿ, ನೀ ಯಾರು ನನ್ನನ್ನ ಕೊಟ್ಟು ಕಳಸಾಕ, ನಾ ಏನು ಆ ತುಪ್ಪದ ಡಬ್ಬಿಯೇನು ಎಂದು ಕೂಗಿದಳು. ವಾಡೆಯೆಲ್ಲ ಕೇಳಿತು. ಅವನು ಅಲುಗಲಿಲ್ಲ. ನಾಲ್ಕು ದಿನ ಅವಳು ಉಣ್ಣಲಿಲ್ಲ. ಆಮೇಲೆ ತಾನೇ ಟ್ರಂಕು ತುಂಬಿಕೊಂಡಳು. ಅತ್ತೆ ಅವಳಿಗೆ ಅಕ್ಕಿ, ಕೊಬ್ಬರಿ, ಕುಪ್ಪಸದ ಖಣ ಹಾಕಿ ಉಡಿ ತುಂಬಿದರು. ಹೋಗುವ ಸೊಸೆಗೆ ಹಾಗೆ ತುಂಬಬೇಕೋ ಬೇಡವೋ ಯಾರಿಗೂ ಗೊತ್ತಿರಲಿಲ್ಲ, ಬರಿ ಉಡಿಯಲ್ಲಿ ಕಳಿಸಲು ಅವರಿಗೆ ಕೈ ಬರಲಿಲ್ಲ. ಟಾಂಗಾ ತಿರುವು ದಾಟುವ ತನಕ ನಾನು ಬಾಗಿಲಲ್ಲಿ ನಿಂತಿದ್ದೆ.

ಮರುವರ್ಷದ ಚುನಾವಣೆಯಲ್ಲಿ ಆಕೆ ಗೆದ್ದು ತಿರುಗಿ ಬಂದರು. ವಾಡೆಯಲ್ಲಿ ಈ ಸಲವೂ ಪೇಢೆ ಹಂಚಿದರು, ಕೆಲವು ಮಂದಿಯಂತೂ ಹೋದ ಸಲ ಹಂಚಿದವರೇ. ಭಾನುವಾರ ಬೈಠಕ್ ಕೂಡಿತು. ಜನ ಆಕೆಯನ್ನು ಕ್ಷಮಿಸಿದ್ದಾರೆ, ತೀರ್ಪು ಆಗಿಹೋಯಿತು ಎಂದು ಬ್ಯಾಂಕಿನವರು ಹೇಳಿದರು. ನಾನು ಬಾಗಿಲಿಗೆ ಬಂದು ನಿಂತೆ.

"ಜನ ಅಂದ್ರ ಯಾರ್ರಿ? ಅಂಗಳದಾಗ ಒಬ್ಬಾವ ಸೈಕಲ್ ತೊಳಿಯಾಕತ್ತಾನ. ಅವನ್ನ ಕೇಳಿ ಬಂದೀರೇನು?"

ನಮ್ಮ ಯಜಮಾನರು ನನ್ನನ್ನು ತಡೆಯಲಿಲ್ಲ. ತಾವೇ ಎದ್ದು ಹೋಗಿ ತಮ್ಮನ ಹತ್ತಿರ ನಿಂತರು. ಯಾವತ್ತೂ ಕೇಳದವರು ಅಂದು ಕೇಳಿದರು, ನೀ ಏನಂತೀ ಎಂದು. ಮೈದುನ ಒದ್ದೆ ಅರಿವೆ ಹಿಂಡುತ್ತ ಹೇಳಿದ್ದು ನನಗೆ ಬಾಗಿಲ ತನಕ ಕೇಳಿಸಿತು.

"ನಾನೂ ಆಕಿಗೇ ವೋಟ್ ಹಾಕೀನಿ ಅಣ್ಣಾ. ನಡುವ ಬಂದವರು ಜೋಡಿಸಿ ಕೊಡಲಿಲ್ಲ. ಆಕಿ ಬಂದು ಇನ್ನ ಏನ್ ಕತ್ತರಸ್ತಾಳ, ಉಳಿದದ್ದರ ಏನದ?"

ಅಂದಿನಿಂದ ಬೈಠಕ್ ಬೇರೆಯವರ ಮನೆಯಲ್ಲಿ ಕೂಡತೊಡಗಿತು. ಇವರು ಹೋಗುವುದನ್ನೂ ಬಿಟ್ಟರು. ಆಕೆಯ ಆಡಳಿತದ ಒಳಿತು ಕೆಡುಕು ತೂಗಿ ಬರೆದ ಲೇಖನಗಳು ಇಂದಿಗೂ ಪೇಪರಿನಲ್ಲಿ ಬರುತ್ತವೆ. ಬರೆದವರು ಓದಿದವರು, ತಿಳಿದವರು. ಅವರ ಸಾಲುಗಳಲ್ಲಿ ನಮ್ಮ ಮನೆ ಎಲ್ಲೋ "ಕೆಲವು ಅತಿರೇಕಗಳು" ಎಂಬ ಎರಡು ಪದದೊಳಗೆ ಇರುತ್ತದೆ. ಅದನ್ನು ಓದಿದಾಗಲೆಲ್ಲ ಪೇಪರು ಮುದ್ದೆ ಮಾಡಿ ಒಲೆಗೆ ಹಾಕಬೇಕೆನಿಸುತ್ತದೆ.

ಅವಳು ಹೋಗಿ ಎರಡು ಮೂರು ವರ್ಷವಾದ ಮೇಲೆ ಊರ ಕಡೆಯಿಂದ ಬಂದ ನೆಂಟರೊಬ್ಬರು ಹೇಳಿದರು, ಅವಳಿಗೆ ಗಂಡುಕೂಸು ಹುಟ್ಟಿದೆ, ಬಾಣಂತಿ ಸುಖವಾಗಿದ್ದಾಳೆ ಎಂದು. ನಾನು ಮೈದುನನ ಮುಖ ನೋಡಲು ಅಂಜಿದೆ. ನೋಡಿದರೆ ಅವನು ನಗುತ್ತಿದ್ದ. ಹಲ್ಲು ಕಚ್ಚಿ ನಗುವವನ ನಗು ಅಲ್ಲ, ತನ್ನ ಮನೆಯಲ್ಲೇ ಹುಟ್ಟಿದಷ್ಟು ಖುಷಿ. ಸಂಜೆ ಕೆಂಪು ಖಣದ ತುಂಡೊಂದು ತಂದು ನನ್ನ ಮುಂದಿಟ್ಟು, "ವೈನಿ, ಕೂಸಿಗೆ ಒಂದು ಕುಂಚಿಗಿ ಹೊಲದು ಕೊಡ್ರಿ," ಎಂದ. ಎಳೆಗೂಸಿನ ತಲೆಗೆ ಕಟ್ಟಿ ಬೆನ್ನ ಮೇಲೆ ಇಳಿಬಿಡುವ ಕುಂಚಿಗೆಯನ್ನು ನಮ್ಮಲ್ಲಿ ಹತ್ತಿರದವರೇ ಹೊಲಿದು ಕೊಡಬೇಕು. ಅತ್ತೆ ಸಿಡಿದೆದ್ದರು. "ನಿನಗೇನ್ ಸಂಬಂಧಲೇ? ಯಾರ ಕೂಸಿಗೆ ಯಾರ ಕುಂಚಿಗಿ?" ನಾನು ಹೊಲಿದೆ. ಅಂಚಿಗೆ ಜರಿಯ ಪಟ್ಟಿ ಹಚ್ಚಿ, ತುದಿಗೆ ಗೊಂಡೆ ಕಟ್ಟಿ, ನನ್ನ ಹೊಟ್ಟೆಯ ಮಕ್ಕಳಿಗೆ ಹೊಲಿದದ್ದಕ್ಕಿಂತ ಚೆಂದವಾಗಿ ಹೊಲಿದೆ. ಹೊಲಿಯುತ್ತ ಕಣ್ಣೀರು ಹಾಕಿದೆ.

ಮುಂಜಾನೆ ಅವನು ಮಡಿಯಂಗಿ ತೊಟ್ಟು, ಕುಂಚಿಗೆಯನ್ನು ಕಾಗದದಲ್ಲಿ ಸುತ್ತಿಕೊಂಡು, ಬೆಳಗಾವಿ ಬಸ್ಸು ಹಿಡಿಯಲು ಹೊರಟ. ಎರಡು ದಿನ ಬಿಟ್ಟು ಬರುತ್ತೇನೆ ಎಂದಿದ್ದವನು ಮಧ್ಯಾಹ್ನದ ಊಟದ ಹೊತ್ತಿಗೆ ಬಾಗಿಲಲ್ಲಿ ನಿಂತಿದ್ದ. ಕಾಗದದ ಗಂಟು ಕೈಯಲ್ಲೇ ಇತ್ತು. ನೀರು ಕೊಟ್ಟು, ಬಸ್ಸು ಸಿಗಲಿಲ್ಲವೇ ಎಂದು ಕೇಳಿದೆ.

"ಸಿಕ್ಕಿತ್ರಿ. ಹತ್ತಿ ಕೂತಿದ್ದೆ ಸುದ್ದಾ. ಬಾಜೂಕ ನಮ್ಮ ಕಡೀ ಮುದುಕ ಒಬ್ಬಾಂವ ಇದ್ದ. ಯಾವೂರು ಅಂದ, ಹೇಳಿದೆ. ಕುಂಚಿಗಿ ನೋಡಿದ, ಭಾಳ ಚಂದ ಅದ ಅಂದ. ಕೂಸು ನಿನಗ ಏನಾಗಬೇಕಪ್ಪಾ ಅಂದ." ಅವನು ತಂಬಿಗೆಯನ್ನು ಕೆಳಗಿಟ್ಟ. "ಬಸ್ಸು ಬಿಡೂ ತನಕ ವಿಚಾರ ಮಾಡಿದೆ. ಹೊಳೀಲಿಲ್ಲ, ಇಳದು ಬಂದೆ. ನೀವರೆ ಹೇಳ್ರಿ ವೈನಿ, ನಾ ಏನ್ ಆಗಬೇಕ್ರಿ ಆ ಕೂಸಿಗೆ?"